ಎಡಗೈಯ ಗಾಳಿ

ಗಯಾಸ್ ಮೈಕಿನ ಮುಂದೆ ಬಂದು ನಿಲ್ಲುವ ಮೊದಲೇ ಸಭೆ ನಗಲು ಶುರುಮಾಡಿತ್ತು. ಶ್ರದ್ಧಾಂಜಲಿ ಸಭೆಯಲ್ಲಿ ನಗಬಾರದೆಂಬುದು ಜಾಲಹಳ್ಳಿ ಕಾರ್ಖಾನೆ ಕ್ವಾರ್ಟರ್ಸಿನ ಜನಕ್ಕೆ ಗೊತ್ತಿಲ್ಲದ್ದೇನಲ್ಲ. ಮೇಜಿನ ಮೇಲೆ ಹಾರ ಹಾಕಿದ ಫೋಟೊ ಇತ್ತು, ಊದಿನಕಡ್ಡಿ ಹೊಗೆಯಾಡುತ್ತಿತ್ತು, ಮುಂದಿನ ಸಾಲಿನಲ್ಲಿ ತೀರಿಕೊಂಡವನ ಹೆಂಡತಿ ಶರಣವ್ವ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು. ಆದರೂ ಗಯಾಸ್ ಎದ್ದನೆಂದರೆ ಜನರ ತುಟಿ ತಾನಾಗಿಯೇ ಹಿಗ್ಗುತ್ತದೆ. ಅದು ಅವರ ತಪ್ಪಲ್ಲ, ಹದಿನೈದು ವರ್ಷದ ರೂಢಿ.

ಯಶವಂತಪುರದಿಂದ ಯಲಹಂಕದವರೆಗೆ ಗಯಾಸನಂಥ ಬಡಾಯಿಕೋರ ಇನ್ನೊಬ್ಬ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಗಯಾಸನ ಮಾತು ಕೇಳಿ ನಾಚಿ ಮತ್ತೆ ತೊಟ್ಟಿಲು ಸೇರಿರುತ್ತಿದ್ದ. ಯಶವಂತಪುರದ ಸಂತೆಬೀದಿಯಲ್ಲಿ ಅವನ ರೇಡಿಯೋ ರಿಪೇರಿ ಅಂಗಡಿ, ಜೊತೆಗೆ ಬಾಡಿಗೆಗೆ ಮೈಕ್‌ಸೆಟ್ಟು. ಅಂಗಡಿ ನಾಲ್ಕಡಿ ಅಗಲ, ಆರಡಿ ಉದ್ದ. ಅವನ ಬಾಯಲ್ಲಿ ಮಾತ್ರ ಅದು ವಿಧಾನಸೌಧಕ್ಕಿಂತ ಎರಡು ಕೋಣೆ ಹೆಚ್ಚು. ಅವನ ಕೈಯಲ್ಲಿ ರಿಪೇರಿಯಾದ ರೇಡಿಯೋದಲ್ಲಿ ನಾಳಿನ ವಾರ್ತೆ ಇವತ್ತೇ ಬರುತ್ತಿತ್ತು. ಅವನ ಸ್ಪೀಕರಿನ ದನಿ ಕೇಳಿ ರಾಜಾನುಕುಂಟೆಯ ಎಮ್ಮೆಯೊಂದು ತಿಂಗಳು ತುಂಬುವ ಮೊದಲೇ ಕರು ಹಾಕಿತ್ತು. ಜನ ಚಹಾ ಕೊಡಿಸಿ ಕೊಡಿಸಿ ಕೇಳುತ್ತಿದ್ದರು. ಒಂದಕ್ಷರವನ್ನೂ ನಂಬುತ್ತಿರಲಿಲ್ಲ.

ಈ ಬಡಾಯಿಗಳ ರಾಶಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಶಿವಶರಣಪ್ಪನದು. "ಶರಣಣ್ಣ ಆರ್ಗನ್ ಮೇಲೆ ಕೈಯಿಟ್ರೆ ಹೆಬ್ಬಾಳ ಕೆರೆ ಮೀನು ಮೇಲೆ ಬಂದು ತಾಳ ಹಾಕ್ತಿದ್ವು ಗುರು! ಲಂಡನ್ನಿಂದ ಮೂರು ಜನ ದೊರೆಗಳು ಬಂದು ಕಾಲಿಗೆ ಬಿದ್ದಿದ್ರು!" ಎಂದು ಗಯಾಸ್ ಹೇಳುವಾಗ, ಎದುರಿನ ಸೈಕಲ್ ಅಂಗಡಿಯವನು, "ಮೂರೇನಾ? ಹೋದ್ ತಿಂಗ್ಳು ಐದು ಜನ ಇದ್ರಲ್ಲಪ್ಪ!" ಎನ್ನುತ್ತಿದ್ದ.

ಆ ಶಿವಶರಣಪ್ಪ ಈಗ ಫೋಟೊದಲ್ಲಿದ್ದ. ಕಳೆದ ಸೋಮವಾರ ಲೇತ್ ಯಂತ್ರದ ಮುಂದೆ ನಿಂತಿದ್ದವನು ಎದೆ ಹಿಡಿದುಕೊಂಡು ಕೂತ, ಆಸ್ಪತ್ರೆಯ ಗೇಟು ಕಾಣುವಷ್ಟರಲ್ಲಿ ಹೋಗಿಬಿಟ್ಟಿದ್ದ. ನಲವತ್ತಾರು ವರ್ಷ. ಭಾನುವಾರ ಹನ್ನೊಂದು ಗಂಟೆಗೆ ಕ್ವಾರ್ಟರ್ಸಿನ ಸಮುದಾಯ ಭವನದಲ್ಲಿ ಸಭೆ; ಮೈಕು ಗಯಾಸನದೇ. ಸಿಬ್ಬಂದಿ ವಿಭಾಗದ ಅಧಿಕಾರಿ ವೆಂಕಟರಾಮಯ್ಯನವರು ಮಾತಾಡಿ, ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವರಲ್ಲ, ಶಿಸ್ತು ಎಂದರೆ ಶಿವಶರಣಪ್ಪ ಎಂದರು. ಕೊನೆಗೆ ಚೀಟಿ ನೋಡಿ, "ಮೃತರು ಬಿಡುವಿನ ವೇಳೆಯಲ್ಲಿ ಹಾರ್ಮೋನಿಯಂ ಸಹ ನುಡಿಸುತ್ತಿದ್ದರೆಂದು ತಿಳಿದುಬಂದಿದೆ" ಎಂದು ಸೇರಿಸಿದರು.

ಆ 'ಸಹ' ಎಂಬ ಎರಡಕ್ಷರ ಗಯಾಸನ ಎದೆಗೆ ಕಾಯ್ದ ಸಾಲ್ಡರಿಂಗ್ ಕಡ್ಡಿಯ ಹಾಗೆ ತಾಗಿತು. "ಸಾರ್, ನಂಗೂ ಎರಡು ನಿಮಿಷ" ಎಂದು ಎದ್ದೇಬಿಟ್ಟ.

ಬೆಳಿಗ್ಗೆಯೇ ಅವನು ನಿರ್ಧಾರ ಮಾಡಿಕೊಂಡು ಬಂದಿದ್ದ. "ಅಕ್ಬರಿ, ಇವತ್ತು ಒಂದೇ ಒಂದು ಸುಳ್ಳು ಹೇಳಿದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ" ಎಂದು ಹೆಂಡತಿಯ ಮುಂದೆ ಆಣೆ ಮಾಡಿದ್ದ. ಅಕ್ಬರಿ ಒಲೆಯಿಂದ ತಲೆ ಎತ್ತದೆ, "ಬಿದ್ರೂ ಅದು ಸುಮ್ನೆ ಬಿದ್ದಿರುತ್ತಾ? ಬಿದ್ದಲ್ಲೇ ಮಾತಾಡುತ್ತೆ" ಎಂದಿದ್ದಳು. ಅವನಿಗೆ ಬೇಕಾಗಿದ್ದು ಇಷ್ಟೇ: ಶರಣಣ್ಣ ಎಂಥ ವಾದಕನಾಗಿದ್ದ ಎಂಬುದನ್ನು ಮಣ್ಣಾದ ಮೇಲಾದರೂ ಯಾರಾದರೊಬ್ಬರು ನಂಬಬೇಕು. ಮತ್ತು ಯಾಕೆ ಯಾರೂ ನಂಬಲಿಲ್ಲ ಎಂಬುದನ್ನು ತಾನೇ ಹೇಳಬೇಕು. ಹತ್ತು ವರ್ಷದಿಂದ ಮೀನು, ಲಂಡನ್ನು, ದೊರೆಗಳು ಎಂದು ಊರೆಲ್ಲ ಸುತ್ತಿ ಬಂದರೂ ಆ ಒಂದು ಮಾತಿನ ಬಾಗಿಲಿಗೆ ಮಾತ್ರ ಅವನು ಹೋಗಿರಲಿಲ್ಲ.

ಎಪ್ಪತ್ತಮೂರರಲ್ಲಿ ಜಾಲಹಳ್ಳಿಯ ಹರಾಜೊಂದರಲ್ಲಿ ಗಯಾಸನಿಗೆ ಒಂದು ಇಟಲಿಯ ವಿದ್ಯುತ್ ಆರ್ಗನ್ ಸಿಕ್ಕಿತ್ತು. ಕೆಂಪು ಮೈ, ಒತ್ತಿ ನುಡಿಸುವ ಬಿಳಿ-ಕಪ್ಪು ಮನೆಗಳು, ಒಳಗೆ ಇಲಿಯ ಸಂಸಾರ. ಇಲಿಗಳನ್ನು ಓಡಿಸಿ, ಸುಟ್ಟುಹೋದದ್ದನ್ನು ಬದಲಿಸಿ, ಅದಕ್ಕೆ ದನಿ ಬರಿಸುವಷ್ಟರಲ್ಲಿ ಅವನು ಏಳು ಜನ್ಮದ ವಿದ್ಯೆ ಖರ್ಚುಮಾಡಿದ್ದ. ಅದೇ ವಾರ ರೇಡಿಯೋ ರಿಪೇರಿಗೆ ಬಂದವನು ಶಿವಶರಣಪ್ಪ. ಜೇವರ್ಗಿ ಕಡೆಯವನು, ಕಾರ್ಖಾನೆಯಲ್ಲಿ ಲೇತ್ ಕೆಲಸ, ಮಾತು ಎಣ್ಣೆಯ ಹನಿಯಷ್ಟು ಕಡಿಮೆ. ಆರ್ಗನ್ನನ್ನು ನೋಡಿ, "ಇದು ಪೇಟಿ ಏನ್ರಿ?" ಎಂದ. ಅವರ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಊರ ಮಠದ ಭಜನೆಯಲ್ಲಿ ಹತ್ತನೆಯ ವಯಸ್ಸಿನಿಂದ ನುಡಿಸಿದವನು.

ಅವನ ಬಲಗೈ ಮನೆಗಳ ಮೇಲೆ ಬಿದ್ದ ಕೂಡಲೇ ಗಯಾಸನ ಕೈಯಿಂದ ಸ್ಕ್ರೂಡ್ರೈವರ್ ಬಿತ್ತು. ಬೆರಳು ಅಷ್ಟು ಚೆಂದ. ಆದರೆ ಎಡಗೈ? ಅದು ಆರ್ಗನ್ನಿನ ಹಿಂದೆ ಗಾಳಿಯಲ್ಲಿ ತಡಕಾಡುತ್ತಿತ್ತು. ಹಾರ್ಮೋನಿಯಂನಲ್ಲಿ ಎಡಗೈಯ ಕೆಲಸ ತಿದಿ ಒತ್ತಿ ಗಾಳಿ ತುಂಬುವುದು. ಈ ಪೆಟ್ಟಿಗೆಗೆ ತಿದಿಯೇ ಇಲ್ಲ. ಸ್ವಿಚ್ಚು ಹಾಕಿದರೆ ದನಿ, ತೆಗೆದರೆ ಮೌನ. ಐದು ನಿಮಿಷ ನುಡಿಸಿ ಶಿವಶರಣಪ್ಪ ಕೈ ತೆಗೆದ.

"ಇದಕ್ಕ ಉಸರಿಲ್ಲ ಭಾಯಿ. ಒಂದೇ ಸಮನ ಒದರತದ."

ಮೂರು ದಿನ ಗಯಾಸ್ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತ. ಆರ್ಗನ್ನಿನ ಎಡಪಕ್ಕಕ್ಕೆ ಒಂದು ತೆಳು ಹಲಗೆ, ಅದರ ಹಿಂದೆ ಸ್ಪ್ರಿಂಗು. ಹಲಗೆಯಿಂದ ಹೊರಟ ದಾರ ಒಳಗಿನ ವಾಲ್ಯೂಮ್ ಗುಂಡಿಗೆ ಎರಡು ಸುತ್ತು. ರೇಡಿಯೋದಲ್ಲಿ ಸ್ಟೇಷನ್ನಿನ ಮುಳ್ಳನ್ನು ಎಳೆಯಲು ಬಳಸುವ ಅದೇ ಡಯಲ್ ದಾರ. ಹಲಗೆ ಒತ್ತಿದರೆ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಶಿವಶರಣಪ್ಪ ಬಂದು ಕೂತ, ಒತ್ತಿದ, ನುಡಿಸಿದ. ಸಂತೆಬೀದಿಯ ಗದ್ದಲದಲ್ಲಿ ಆ ಕೆಂಪು ಪೆಟ್ಟಿಗೆ ಉಸಿರೆಳೆದು ಉಸಿರು ಬಿಟ್ಟಿತು. ಅವತ್ತು ಟೊಮ್ಯಾಟೊ ಮಾರುವವರು ತಕ್ಕಡಿ ಹಿಡಿದ ಹಾಗೇ ನಿಂತುಬಿಟ್ಟರು ಎಂದು ಗಯಾಸ್ ಆಮೇಲೆ ಹೇಳುತ್ತಿದ್ದ. ತಕ್ಕಡಿಯ ಮಾತು ಸುಳ್ಳು. ತಾನು ಅತ್ತಿದ್ದೆನೆಂಬುದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ, ಅದು ನಿಜವಾಗಿತ್ತು.

ಹೆಬ್ಬಾಳದ ಲಕ್ಕಣ್ಣ ಆಗ ಒಂದು ಬ್ಯಾಂಡು ಕಟ್ಟುತ್ತಿದ್ದ. ಕೆರೆ ಕೆಳಗಿನ ಗದ್ದೆಯ ಮನೆತನದವನು, ಭುಜದವರೆಗೆ ಕೂದಲು, ಗಂಟಲವರೆಗೆ ಹಮ್ಮು, ಕೈಯಲ್ಲಿ ಗಿಟಾರು. ಸ್ಟೇಜಿನ ಮೇಲೆ ಅವನ ಹೆಸರು ಲಕ್ಕಿ. ಬ್ಯಾಂಡಿನ ಹೆಸರು 'ಸೆಕೆಂಡ್ ಶಿಫ್ಟ್'. ಮೂರು ನಿಮಿಷದ ಸಿನಿಮಾ ಹಾಡಿನ ಕಾಲದಲ್ಲಿ ಇವರದು ಹದಿನೆಂಟು ನಿಮಿಷದ ಒಂದೇ ಹಾಡು. ನಡುವೆ ಮೂರು ಸಲ ತಾಳ ಬದಲು, ಎರಡು ಸಲ ಊರೇ ಬದಲು. ಪಡ್ಡೆ ಹುಡುಗರು ಹುಚ್ಚೆದ್ದು ಕುಣಿಯುತ್ತಿದ್ದರು. ಕಣ್ಣೆಲ್ಲ ಲಕ್ಕಿಯ ಮೇಲೆ. ಮೂಲೆಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಗುಮಾಸ್ತನ ಹಾಗೆ ಕೂತು ಎಡಗೈಯಲ್ಲಿ ಹಲಗೆ ಒತ್ತುವ ಮನುಷ್ಯನನ್ನು ನೋಡಿ, "ಯಾರೋ ಅದು, ಟೈರಿಗೆ ಗಾಳಿ ಹೊಡೀತಿರೋದು?" ಎಂದು ನಗುತ್ತಿದ್ದರು.

ಮೈಕಿನ ಪೆಟ್ಟಿಗೆಯ ಹಿಂದೆ ಕೂತ ಗಯಾಸನಿಗೆ ಮಾತ್ರ ಗೊತ್ತಿತ್ತು. ಲಕ್ಕಿಯ ಗಿಟಾರು ಓಡುವಾಗ ಆರ್ಗನ್ನು ತಗ್ಗಿ ದಾರಿ ಬಿಡುತ್ತಿತ್ತು. ಅವನಿಗೆ ದಮ್ಮು ಕಟ್ಟಿದಾಗ ಮೆಲ್ಲಗೆ ಮೇಲೆದ್ದು, ಯಾರಿಗೂ ಗೊತ್ತಾಗದಂತೆ ತೋಳು ಕೊಡುತ್ತಿತ್ತು. ಕಷ್ಟದ್ದು ಏಳು ಮಾತ್ರೆಯ ತಾಳದ ಭಾಗ. ಮಠದ ಭಜನೆಯಿಂದ ಶಿವಶರಣಪ್ಪ ತಂದದ್ದು. ಅದರ ಲೆಕ್ಕ ಲಕ್ಕಿಯ ತಲೆಗೆ ಎಂದೂ ಹತ್ತಲಿಲ್ಲ. ಆದರೆ ಪ್ರತಿ ಏಳರ ಮೊದಲ ಮಾತ್ರೆಗೆ ಆರ್ಗನ್ನು ಒಂದು ಕೂದಲೆಳೆಯಷ್ಟು ಉಬ್ಬುತ್ತಿತ್ತು. ಆ ಉಬ್ಬಿನ ಮೇಲೆ ಕಾಲಿಟ್ಟು ಲಕ್ಕಿ ಸರಿಯಾಗಿ ಇಳಿಯುತ್ತಿದ್ದ. ಇಳಿದದ್ದು ತನ್ನದೇ ಜಾಣತನವೆಂದು ತಿಳಿದಿದ್ದ.

"ಹೇಳ್ಬಾರ್ದಾ ಅಣ್ಣಾ ಅವ್ನಿಗೆ?" ಎಂದು ಗಯಾಸ್ ಒಮ್ಮೆ ಕೇಳಿದ್ದ.

"ಯಾಕ ಹೇಳಬೇಕು? ಭಜನ್ಯಾಗ ಪೇಟಿಯವ ತಾನೇ ಹಾಡತೀನಿ ಅಂತಾನೇನು?"

ಎಪ್ಪತ್ತಾರರಲ್ಲಿ ಒಂದು ರೆಕಾರ್ಡ್ ಕಂಪೆನಿಯವರು ಟೇಪಿನ ಸ್ಪೂಲ್ ಯಂತ್ರ ಹೊತ್ತುಕೊಂಡು ಆರ್.ಟಿ. ನಗರದ ಒಂದು ಹಾಲಿಗೆ ಬಂದರು. ಊರಿನ ಬ್ಯಾಂಡುಗಳದೆಲ್ಲ ಒಂದೊಂದು ಹಾಡು ಹಿಡಿದು ಗ್ರಾಮಫೋನ್ ಪ್ಲೇಟು ಮಾಡುವ ಯೋಜನೆ. ಸೆಕೆಂಡ್ ಶಿಫ್ಟಿನ ಸರದಿ ಬಂದಾಗ ಉಳಿದಿದ್ದು ಒಂದೇ ಸ್ಪೂಲು. ಅಂದರೆ ಒಂದೇ ಸಲ, ತಪ್ಪಿದರೆ ತಪ್ಪಿದಂತೆ. ಮೊದಲು ಸುಮ್ಮನೆ ನುಡಿಸಿ ನೋಡಿದರು. ರೆಕಾರ್ಡಿಂಗ್ ಮಾಡುವ ರಾಮಕೃಷ್ಣಪ್ಪ ಮುಖ ಸಿಂಡರಿಸಿದ.

"ಈ ಆರ್ಗನ್ನಿಗೆ ಏನ್ರೀ ಬಂದಿದೆ? ಮೀಟರಿನ ಮುಳ್ಳು ನೋಡಿ ಹೆಂಗೆ ಕುಣೀತಿದೆ. ಒಂದ್ಸಲ ಕೆಳಗೆ ಮಲಗುತ್ತೆ, ಒಂದ್ಸಲ ಕೆಂಪು ದಾಟುತ್ತೆ. ನಂಗೆ ಮುಳ್ಳು ನಿಲ್ಬೇಕು."

ಶಿವಶರಣಪ್ಪ ಆಗ ಹೊರಗೆ ನಲ್ಲಿಯ ಹತ್ತಿರ ಮುಖ ತೊಳೆಯಲು ಹೋಗಿದ್ದ. ಗಯಾಸ್ ಕರೆಯಬಹುದಿತ್ತು. ಇಪ್ಪತ್ತು ಹೆಜ್ಜೆ. ಹೀಗಂತೆ ಅಣ್ಣಾ, ಏನು ಮಾಡೋಣ ಎಂದು ಕೇಳಬಹುದಿತ್ತು. ಆದರೆ ರಾಮಕೃಷ್ಣಪ್ಪ, "ಇಲ್ಲಿ ಯಾರಾದ್ರೂ ಇದನ್ನ ಸರಿಮಾಡೋರು ಇದ್ದೀರಾ?" ಎಂದು ಸಭೆಗೇ ಸವಾಲು ಹಾಕಿದ ಹಾಗೆ ಕೇಳಿಬಿಟ್ಟ. ಅಂಥ ಪ್ರಶ್ನೆ ಕೇಳಿದ ಮೇಲೆ ಗಯಾಸನ ಬಾಯಿಯನ್ನು ಅವನ ತಾಯಿಯೂ ಹಿಡಿಯಲಾರಳು.

"ಸರಿಮಾಡೋರಾ? ಸಾರ್, ಈ ಮೆಷಿನ್ನಿಗೆ ಜೀವ ಕೊಟ್ಟವನೇ ನಾನು! ಎರಡೇ ನಿಮಿಷ!"

ಎರಡು ನಿಮಿಷವೂ ಆಗಲಿಲ್ಲ. ಹಿಂದಿನ ಮುಚ್ಚಳ ತೆಗೆದ, ಗುಂಡಿಗೆ ಹೋಗುವ ವೈರು ಕತ್ತರಿಸಿದ, ನೇರವಾಗಿ ಬೆಸೆದ. ಮುಚ್ಚಳ ಹಾಕಿದ. ರಾಮಕೃಷ್ಣಪ್ಪ ಮನೆಗಳನ್ನು ಒತ್ತಿ ನೋಡಿ, "ಭೇಷ್, ಮುಳ್ಳು ಕಂಬದ ಹಾಗೆ ನಿಂತಿದೆ. ನೀವೇನು ಎಂಜಿನಿಯರಾ?" ಎಂದ. ಜೀವಮಾನದಲ್ಲಿ ಮೊದಲ ಸಲ ಒಬ್ಬ ಹೊರಗಿನವನು ಗಯಾಸನ ಬಗ್ಗೆ ಗಯಾಸ್ ತಾನೇ ಹೇಳಿಕೊಳ್ಳದ ಹೊಗಳಿಕೆ ಆಡಿದ್ದ. ಅವನು ಇಟಲಿಯ ಕಂಪೆನಿ ತನಗೆ ಬರೆದ ಕಾಗದದ ಕಥೆ ಶುರುಮಾಡಿದ. ಆ ಕಥೆಯ ನಡುವೆ ಶಿವಶರಣಪ್ಪ ಒಳಗೆ ಬಂದು ಕೂತದ್ದೂ, ರೆಕಾರ್ಡಿಂಗಿನ ಕೆಂಪು ದೀಪ ಹೊತ್ತಿದ್ದೂ ಒಟ್ಟೊಟ್ಟಿಗೆ ಆದವು.

ಮೊದಲ ಒತ್ತಿಗೇ ಶಿವಶರಣಪ್ಪನಿಗೆ ತಿಳಿಯಿತು. ಹಲಗೆ ಒಳಗೆ ಹೋಯಿತು, ದನಿ ಏರಲಿಲ್ಲ. ಅವನು ತಲೆ ಎತ್ತಿ ಗಯಾಸನನ್ನು ನೋಡಿದ. ಗಯಾಸ್ ಮುಳ್ಳನ್ನು ನೋಡುತ್ತಿದ್ದ. ನಿಲ್ಲಿಸಿದ್ದರೆ ಸ್ಪೂಲು ಹಾಳು, ಎಲ್ಲರ ಹಾಡೂ ಹಾಳು. ಶಿವಶರಣಪ್ಪ ನಿಲ್ಲಿಸಲಿಲ್ಲ. ಹದಿನೆಂಟು ನಿಮಿಷವೂ ಬಲಗೈ ನುಡಿಸಿತು, ಎಡಗೈ ಸತ್ತ ಹಲಗೆಯನ್ನು ಒತ್ತುತ್ತಲೇ ಇತ್ತು. ಒತ್ತದೆ ಬೆರಳು ಓಡಿಸುವುದು ಆ ಕೈಗೆ ಗೊತ್ತಿರಲಿಲ್ಲ. ಏಳರ ಭಾಗದಲ್ಲಿ ಲಕ್ಕಿ ಉಬ್ಬನ್ನು ಕಾಣದೆ ಎರಡು ಕಡೆ ಎಡವಿದ, ಉರಿಗಣ್ಣಿನಿಂದ ಆರ್ಗನ್ನಿನ ಕಡೆ ನೋಡಿದ.

ಮುಗಿದ ಮೇಲೆ ಶಿವಶರಣಪ್ಪ ಆರ್ಗನ್ನಿಗೆ ಬಟ್ಟೆ ಹೊದಿಸಿದ. "ಮುಳ್ಳ ನಿಂತಿತೇನು ಭಾಯಿ?" ಎಂದ.

"ನಿಂತಿತು ಅಣ್ಣಾ."

"ಹಂಗಾರ ಆಯ್ತು ತಗೋ."

ಪ್ಲೇಟು ಬಂತು. ಕಲ್ಕತ್ತೆಯ ಒಂದು ಇಂಗ್ಲಿಷ್ ಪತ್ರಿಕೆಯವನು ಗಿಟಾರನ್ನು ಹೊಗಳಿ, ಆರ್ಗನ್ನು ಹಿಟ್ಟಿನ ಗಿರಣಿಯಂತೆ ಒಂದೇ ಸಮನೆ ಸದ್ದು ಮಾಡುತ್ತದೆ ಎಂದು ಬರೆದ. ಲಕ್ಕಿ ಆ ಪುಟ ಹಿಡಿದುಕೊಂಡೇ ಕ್ವಾರ್ಟರ್ಸಿಗೆ ಹೋಗಿ, "ಶರಣಪ್ಪ, ನೀನು ಸೊಲ್ಪ ದಿನ ರೆಸ್ಟ್ ತಗೋ" ಎಂದ. ಆ ಸ್ವಲ್ಪ ದಿನ ಹತ್ತು ವರ್ಷವಾಯಿತು. ಬ್ಯಾಂಡು ಮರುವರ್ಷವೇ ಒಡೆಯಿತು, ಆರ್ಗನ್ನು ಮದುವೆಯ ವಾದ್ಯಗೋಷ್ಠಿಯವರ ಪಾಲಾಯಿತು. ಗಯಾಸ್ ಅಂಗಡಿಯಲ್ಲಿ ಕೂತು ಮೀನುಗಳಿಗೆ ತಾಳ ಕಲಿಸಲು ಶುರುಮಾಡಿದ. ಎದೆಯ ಭಾರ ಹೆಚ್ಚಿದಷ್ಟೂ ಬಾಯಲ್ಲಿ ದೊರೆಗಳ ಸಂಖ್ಯೆ ಹೆಚ್ಚಿತು.

ಈಗ ಮೈಕಿನ ಮುಂದೆ ಅವನು ಗಂಟಲು ಸರಿಮಾಡಿಕೊಂಡ. ಹಿಂದಿನ ಸಾಲಿನಿಂದ ಕ್ಯಾಂಟೀನಿನ ಮುನಿಆಂಜಿನಪ್ಪ, "ಮೀನ್ ಕಥೆ ಏಳಪ್ಪಾ!" ಎಂದ. ಸುತ್ತಲಿನವರು ಕಿಸಕ್ಕೆಂದರು.

"ಮೀನು ಇಲ್ಲ" ಎಂದ ಗಯಾಸ್. "ಲಂಡನ್ನಿಂದ ಯಾರೂ ಬಂದಿರ್ಲಿಲ್ಲ. ಅದೆಲ್ಲ ನಾನ್ ಕಟ್ಟಿದ್ದು. ಶರಣಣ್ಣ ಹಾರ್ಮೋನಿಯಂ 'ಸಹ' ನುಡಿಸ್ತಿರ್ಲಿಲ್ಲ ಸಾರ್. ಅವ್ರು ಆರ್ಗನ್ ನುಡಿಸ್ತಿದ್ರು. ಪ್ಲೇಟಿನಲ್ಲಿ ಕೇಳ್ಸೋದು ಅವ್ರ ವಾದನ ಅಲ್ಲ. ಅವ್ರ ಎಡಗೈ ಅದ್ರಲ್ಲಿಲ್ಲ. ಆ ವೈರ್ ಕತ್ತರಿಸಿದ್ದು ನಾನು. ಅವ್ರನ್ನ ಕೇಳ್ದೆ ಕತ್ತರಿಸ್ದೆ."

ಒಂದು ಕ್ಷಣ ಸಭೆ ಸುಮ್ಮನಾಯಿತು. ಗಯಾಸನಿಗೆ ಬೆನ್ನುಮೂಳೆಯವರೆಗೂ ಆಸೆ ಹುಟ್ಟಿತು.

"ಅಬ್ಬಬ್ಬಾ!" ಎಂದ ಮುನಿಆಂಜಿನಪ್ಪ. "ಈ ಸಲ ಎಂಗ್ ಬಿಟ್ಟ ನೋಡ್ರಪ್ಪಾ! ಕಣ್ಣಾಗ್ ನೀರ್ ಬೇರೆ!"

ಭವನದ ತಗಡು ಹಾರಿಹೋಗುವಂತೆ ನಕ್ಕರು. ನಗಬಾರದೆಂದು ಬಾಯಿ ಮುಚ್ಚಿಕೊಂಡವರ ಭುಜ ಕುಲುಕಿತು. ವೆಂಕಟರಾಮಯ್ಯನವರು ಮುಗುಳ್ನಕ್ಕು ಅವನ ಬೆನ್ನು ತಟ್ಟಿ, "ದುಃಖದ ಹೊತ್ತಲ್ಲೂ ನಗಿಸ್ತೀರಲ್ಲಪ್ಪಾ, ಅದೂ ಒಂದು ಸೇವೆ" ಎಂದು ಮೈಕು ತೆಗೆದುಕೊಂಡರು. ಒಂದು ನಿಮಿಷದ ಮೌನಕ್ಕೆ ಎಲ್ಲರೂ ಎದ್ದು ನಿಂತರು.

ಹೊರಗೆ ಲಕ್ಕಣ್ಣ ತನ್ನ ಅಂಬಾಸಿಡರಿಗೆ ಒರಗಿ ನಿಂತಿದ್ದ. ಈಗ ತಲೆ ಬೋಳು, ಗದ್ದೆಯೆಲ್ಲ ಲೇಔಟು. ಅವನೊಬ್ಬ ನಕ್ಕಿರಲಿಲ್ಲ.

"ಗಯಾಸ್, ಅದು ದಿಟವೇನೋ?"

"ದಿಟ."

ಲಕ್ಕಣ್ಣ ಬಹಳ ಹೊತ್ತು ಕಾರಿನ ಬೀಗದಕೈ ತಿರುಗಿಸುತ್ತಿದ್ದ. ಏಳರ ಭಾಗ ಅವನ ತಲೆಯಲ್ಲಿ ಓಡುತ್ತಿದೆಯೆಂದು ಗಯಾಸನಿಗೆ ಅನ್ನಿಸಿತು. ಕೊನೆಗೆ ಅವನು ತಲೆ ಕೊಡವಿದ. "ಓಗ್ಲಿ ಬಿಡು. ನೀನು ಏಳೋದ್ನ ನಂಬಿದ್ರೆ ನಾನ್ ರಾತ್ರಿ ಮಲಗೋದೆಂಗೆ? ನಂಗಿರೋದು ಅದೊಂದ್ ಪ್ಲೇಟು ಕಣಯ್ಯಾ. ನೀನು ಸುಳ್ಳ ಅಂತ ಊರಿಗೇ ಗೊತ್ತು. ಅಂಗೇ ಇರು." ಬಾಗಿಲು ಹಾಕಿಕೊಂಡು ಹೊರಟೇಹೋದ.

ವೈರು ಸುತ್ತಿ, ಸ್ಪೀಕರು ಇಳಿಸಿ, ಎಲ್ಲ ಕಟ್ಟಿಟ್ಟ ಮೇಲೆ ಗಯಾಸ್ ಹಿಂದಿನ ಬೀದಿಯ ಕ್ವಾರ್ಟರ್ಸಿಗೆ ಹೋದ. ಹೋಗುವ ಧೈರ್ಯವಿರಲಿಲ್ಲ, ಹೋಗದೆ ಇರುವ ಧೈರ್ಯವೂ ಇರಲಿಲ್ಲ. ಬಂದವರು ಹೋಗಿಯಾಗಿತ್ತು. ನಡುಮನೆಯ ಮಂಚದ ಮೇಲೆ ಶಿವಶರಣಪ್ಪನ ತಾಯಿ ಚಂದ್ರವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಗ ಹೋದ ಸುದ್ದಿ ಕೇಳಿ ಜೇವರ್ಗಿಯಿಂದ ಬಂದವಳು, ಎರಡೂ ಕಿವಿ ಮಂದ. ಶರಣವ್ವ ಚಾಪೆ ಹಾಸಿದಳು. ಗಯಾಸ್ ಕೂರಲಿಲ್ಲ.

"ಅಕ್ಕಾ, ನಾನು ಅಲ್ಲಿ ಹೇಳಿದ್ದು..."

"ಗೊತ್ತದ."

"ಸುಳ್ಳಲ್ಲ ಅಕ್ಕಾ."

"ಅದೂ ಗೊತ್ತದ ಅಂದೆ. ಅವತ್ತ ಮನೀಗಿ ಬಂದ ಮ್ಯಾಲ ಹೇಳಿದ್ರು. ಗಯಾಸ್ ವೈರ್ ಕೊಯ್ದಾನ, ಪಾಪ, ಮಂದಿ ಎಂಜಿನಿಯರ್ ಅಂದ್ರಂತ ಭಾಳ ಖುಷಿಯಾಗಿದ್ದ, ಅಂವಗ ತಿಳಿಯಗೊಡಬ್ಯಾಡ ಅಂದ್ರು. ನೀವು ಇಲ್ಲಿ ಬಂದಾಗೆಲ್ಲ ನಾ ಬಾಯಿ ಬಿಗಿ ಹಿಡಕೊಂಡು ಚಹಾ ಕೊಟ್ಟೀನಿ."

ಹತ್ತು ವರ್ಷದ ಚಹಾ ಒಂದೇ ಸಲ ಗಯಾಸನ ಗಂಟಲಿಗೆ ಬಂದಂತಾಯಿತು.

ಶರಣವ್ವ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ಆಮೇಲೆ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಕೇಳಿದಳು.

"ಒಂದು ಮಾತು ಖರೇ ಹೇಳ್ರಿ. ನಾ ಒಂದು ಸಲಾನೂ ಅವರು ಸ್ಟೇಜಿನ ಮ್ಯಾಲ ನುಡಿಸಿದ್ದು ಕೇಳಿಲ್ಲ. ಗಂಡಮಕ್ಕಳ ಗದ್ದಲ, ನೀ ಬರಬ್ಯಾಡ ಅಂತಿದ್ರು. ಆ ಪ್ಲೇಟ್ ಅಷ್ಟ ಕೇಳೀನಿ. ನಂಗ ಅದು ಸೇರಲಿಲ್ಲ. ಅವರಿಗಿ ಹೇಳಲಿಲ್ಲ ನಾ. ಖರೇನ ಅವರು ಛಲೋ ನುಡಿಸತಿದ್ರೇನು?"

ಗಯಾಸನ ನಾಲಿಗೆಯ ತುದಿಗೆ ಹೆಬ್ಬಾಳ ಕೆರೆ ಪೂರ್ತಿ ಬಂದು ನಿಂತಿತು. ಮೀನುಗಳು, ದೊರೆಗಳು, ನಿಂತ ತಕ್ಕಡಿಗಳು, ಕರು ಹಾಕಿದ ಎಮ್ಮೆ, ಎಲ್ಲ ಬಾಗಿಲಲ್ಲಿ ನೂಕಾಡಿದವು. ಅವುಗಳಲ್ಲಿ ಒಂದೂ ಈ ಹೆಂಗಸಿಗೆ ಸಾಕಾಗುವಷ್ಟು ದೊಡ್ಡದಿರಲಿಲ್ಲ.

"ಹೌದು ಅಕ್ಕಾ" ಎಂದ. "ಚೆನ್ನಾಗಿ ನುಡಿಸ್ತಿದ್ರು."

ಇನ್ನೇನಾದರೂ ಬರುತ್ತದೆಯೋ ಎಂದು ಅವಳು ಕಾದಳು. ಬರಲಿಲ್ಲ. ಯಶವಂತಪುರದ ಗಯಾಸ್ ಅಷ್ಟಕ್ಕೇ ನಿಲ್ಲಿಸಿದ್ದನ್ನು ಕಂಡು ಅವಳ ಕಣ್ಣು ತುಂಬಿತು. ಮಂಚದ ಹತ್ತಿರ ಹೋಗಿ, ಅತ್ತೆಯ ಕಿವಿಗೆ ಬಾಗಿ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದಳು:

"ಅತ್ತೀ! ಛಲೋ ನುಡಿಸತಿದ್ರಂತ!"

"ಯಾರು?"

"ನಿಮ್ಮ ಮಗ!"

ಚಂದ್ರವ್ವ ಮೆಲ್ಲಗೆ ಈ ಕಡೆ ಹೊರಳಿದಳು. ಬಾಗಿಲ ಬಳಿ ನಿಂತ ಗಯಾಸನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈಯೂರಿ ಎದ್ದು ಕೂತು, ಹಿರಿಯರು ಯಾರೋ ಮನೆಗೆ ಬಂದರೆನ್ನುವ ಹಾಗೆ, ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.